ಮಾತು ಬಿಟ್ಟ ಯಂತ್ರಗಳು

ನಮ್ಮ ಹೊಸದುರ್ಗ ಸೀಮೆಯಲ್ಲಿ ಅಡಿಕೆ ತೋಟವಿದ್ದವನಿಗೆ ಬೇಸಿಗೆಯ ರಾತ್ರಿಗಳು ನಿದ್ದೆಯ ರಾತ್ರಿಗಳಲ್ಲ. ಪಂಪುಸೆಟ್ಟುಗಳಿಗೆ ಮೂರು ಫೇಸಿನ ವಿದ್ಯುತ್ತು ಬರುವುದು ಪಾಳಿಯ ಲೆಕ್ಕದಲ್ಲಿ. ಪಾಳಿ ರಾತ್ರಿಗೆ ಬಿದ್ದರೆ ಒಂದು ಗಂಟೆಗೋ ಎರಡು ಗಂಟೆಗೋ ಎದ್ದು, ಟಾರ್ಚು ಹಿಡಿದು, ಹಾವು ಹರಿದಾಡುವ ಬದುವಿನ ಮೇಲೆ ನಡೆದು ಮೋಟಾರು ಹಾಕಬೇಕು. ಈ ಕಷ್ಟವನ್ನು ತಪ್ಪಿಸಲೆಂದೇ ಊರೂರಿಗೆ ಬಂದ ಉಪಕರಣ ‘ಮೊಬೈಲ್ ಸ್ಟಾರ್ಟರ್’. ಮೋಟಾರಿನ ಪೆಟ್ಟಿಗೆಯ ಪಕ್ಕದಲ್ಲಿ ಇನ್ನೊಂದು ಚಿಕ್ಕ ಪೆಟ್ಟಿಗೆ, ಅದರೊಳಗೊಂದು ಸಿಮ್ಮು. ಮನೆಯಲ್ಲಿ ಮಲಗಿದಲ್ಲಿಂದಲೇ ಅದಕ್ಕೆ ಒಂದು ಮಿಸ್ಡ್ ಕಾಲ್ ಕೊಟ್ಟರೆ ಮೋಟಾರು ತಿರುಗುತ್ತದೆ. ಕರೆಂಟು ಬಂದರೆ ತಾನೇ ಹೊತ್ತುಕೊಂಡು ‘ಬಂತು’ ಎಂದು ಸಂದೇಶವನ್ನೂ ಕಳಿಸುತ್ತದೆ. ನನ್ನ ಅಣ್ಣನ ತೋಟದಲ್ಲಿಯೂ ಅಂಥದೊಂದು ಇದೆ. ಎರಡು ವರ್ಷದ ಹಿಂದಿನ ಬೇಸಿಗೆಯಲ್ಲಿ ಅದು ಮಾತು ಬಿಟ್ಟಿತು. ಆ ಕಥೆಯನ್ನು ಹೇಳಹೊರಟರೆ ನೂರೈವತ್ತು ವರ್ಷಗಳ ಇತಿಹಾಸವನ್ನು ಹೇಳಬೇಕಾಗುತ್ತದೆಂಬುದು ಆಗ ನನಗೆ ತಿಳಿದಿರಲಿಲ್ಲ.

ಏಪ್ರಿಲ್ ತಿಂಗಳ ಮೊದಲ ಮಳೆ, ಮಳೆಗಿಂತ ಹೆಚ್ಚು ಗುಡುಗು. ಒಂದು ಸಿಡಿಲಿಗೆ ಪೆಟ್ಟಿಗೆಯೊಳಗಿನ ಮೊಡೆಮ್ಮು, ಎಂದರೆ ಮೊಬೈಲ್ ಗೋಪುರದೊಡನೆ ಮಾತನಾಡುವ ಭಾಗ, ಸುಟ್ಟುಹೋಯಿತು. ಒಬ್ಬ ರಿಪೇರಿಯವನು ಹೊಸ ಮೊಡೆಮ್ಮು ಹಾಕಿಕೊಟ್ಟ. ದೀಪ ಉರಿಯಿತು, ಆದರೆ ಕರೆಗೆ ಓಗೊಡಲಿಲ್ಲ. ಆತ ಇನ್ನೊಂದು ಮೊಡೆಮ್ಮು ಹಾಕಿದ, ಅದೂ ಅಷ್ಟೇ. ಅರವತ್ತು ದಾಟಿದ ಅಣ್ಣ ಮತ್ತೆ ರಾತ್ರಿ ಎದ್ದು ಹೋಗತೊಡಗಿದ. ಹನ್ನೆರಡನೆಯ ರಾತ್ರಿ ಬದುವಿನ ಮೇಲೆ ಜಾರಿ ಬಿದ್ದು ಕಾಲು ಉಳುಕಿಸಿಕೊಂಡ. ಅಂದಿನಿಂದ ರಾತ್ರಿಯ ಪಾಳಿ ನನ್ನದಾಯಿತು. ಬೆಳಗ್ಗೆ ಹತ್ತು ಗಂಟೆಗೆ ಕಾಲೇಜಿನಲ್ಲಿ ಪಂಪನ ಪಾಠ, ರಾತ್ರಿ ಒಂದು ಗಂಟೆಗೆ ತೋಟದಲ್ಲಿ ಪಂಪಿನ ಪಾಠ. ವಾಚಕರು ಈ ಶ್ಲೇಷೆಯನ್ನು ಕ್ಷಮಿಸಬೇಕು. ನಿದ್ದೆಗೆಟ್ಟವನಿಗೆ ಅದಕ್ಕಿಂತ ಒಳ್ಳೆಯದು ಹೊಳೆಯುವುದಿಲ್ಲ. ಹೊಸದಾಗಿ ಇಟ್ಟ ಸಸಿಗಳು ಸುಳಿ ಬಾಡಿದ್ದವು. ಹಿಂದಿನ ಬರದಲ್ಲಿ ಟ್ಯಾಂಕರಿನ ನೀರು ಕೊಂಡು ತೋಟ ಉಳಿಸಿಕೊಂಡವರು ನಾವು. ಒಂದು ರಾತ್ರಿಯ ಕರೆಂಟು ತಪ್ಪಿದರೆ ಏನು ಹೋಗುತ್ತದೆಂಬ ಲೆಕ್ಕ ಅಣ್ಣನಿಗೆ ಬಾಯಿಪಾಠ.

ಕಡೆಗೆ ನೆನಪಾದವನು ನನ್ನ ಹಳೆಯ ಶಿಷ್ಯನೊಬ್ಬ. ಬಿ.ಎಸ್ಸಿ. ಓದುವಾಗ ನನ್ನ ಭಾಷಾ ತರಗತಿಯಲ್ಲಿ ಹಿಂದಿನ ಬೆಂಚಿನಲ್ಲಿ ಕೂತು, ಛಂದಸ್ಸಿನ ಪ್ರಶ್ನೆಗೆ ಸೊನ್ನೆ ತೆಗೆದುಕೊಂಡವನು. ಈಗ ಹೊಸದುರ್ಗದಲ್ಲಿ ಎಲೆಕ್ಟ್ರಾನಿಕ್ ರಿಪೇರಿಯ ಅಂಗಡಿ ಇಟ್ಟಿದ್ದಾನೆ. ಪೆಟ್ಟಿಗೆಯನ್ನು ಅವನ ಮೇಜಿನ ಮೇಲಿಟ್ಟೆ. ಬಿಚ್ಚಿ ನೋಡಿ ಅವನು ಮೊದಲು ಹೇಳಿದ್ದು: “ಸಾರ್, ಇದರಲ್ಲಿ ಯಾವುದೂ ಕೆಟ್ಟಿಲ್ಲ ಅನ್ಸುತ್ತೆ. ಇಬ್ಬರೂ ಚೆನ್ನಾಗೇ ಇದಾರೆ. ಇಬ್ಬರಿಗೂ ಮಾತಿಲ್ಲ, ಅಷ್ಟೇ.”

ಆ ‘ಇಬ್ಬರು’ ಯಾರೆಂದು ಹೇಳಬೇಕು. ಒಬ್ಬನು ಮೈಕ್ರೋಕಂಟ್ರೋಲರ್, ಒಂದು ಪುಟ್ಟ ಗಣಕ. ಯಾವ ನಂಬರಿನ ಕರೆಗೆ ಮೋಟಾರು ಹಾಕಬೇಕು, ಫೇಸು ಕಡಿಮೆಯಾದರೆ ಯಾವಾಗ ನಿಲ್ಲಿಸಬೇಕು ಎಂಬ ಬುದ್ಧಿ ಅವನದು. ಇನ್ನೊಬ್ಬನು ಮೊಡೆಮ್ಮು. ಅವನಿಗೆ ಹೊರಗಿನ ಲೋಕ ಗೊತ್ತು, ತೋಟದ ಸುದ್ದಿ ಗೊತ್ತಿಲ್ಲ. ಇಬ್ಬರ ನಡುವೆ ಎರಡು ಬೆರಳಿನ ಅಂತರ, ಮೂರು ತಂತಿ. ಒಂದು ಇವನ ಬಾಯಿಂದ ಅವನ ಕಿವಿಗೆ, ಇನ್ನೊಂದು ಅವನ ಬಾಯಿಂದ ಇವನ ಕಿವಿಗೆ, ಮೂರನೆಯದು ಇಬ್ಬರಿಗೂ ಸಮಾನವಾದ ಭೂಮಿ. ಬಾಯಿಗೆ ಬಾಯಿ, ಕಿವಿಗೆ ಕಿವಿ ಜೋಡಿಸಿದರೆ ಮಾತು ನಡೆಯದು. ಹೊಸಬರು ಮಾಡುವ ಮೊದಲ ತಪ್ಪೇ ಅದಂತೆ. ಭೂಮಿಯ ತಂತಿ ಸಡಿಲವಾದರೆ ಯಾವುದು ಎತ್ತರ, ಯಾವುದು ತಗ್ಗು ಎಂಬ ಅಳತೆಯೇ ಇಬ್ಬರಿಗೂ ಬೇರೆಯಾಗುತ್ತದೆ. ಶಿಷ್ಯನು ಇವೆರಡನ್ನೂ ಮೊದಲು ಪರೀಕ್ಷಿಸಿದ. ಸರಿಯಾಗಿದ್ದವು.

ಭೂಮಿಯ ಮಾತು ಬಂದಾಗ ನನಗೆ ಕಲ್ಕತ್ತೆಯ ವೈದ್ಯ ಓಷಾನೆಸ್ಸಿಯ ನೆನಪಾಯಿತು. ವಿಲಿಯಂ ಬ್ರೂಕ್ ಓಷಾನೆಸ್ಸಿ 1839ರಲ್ಲಿ ಕಲ್ಕತ್ತೆಯ ಬಳಿ ಇಪ್ಪತ್ತೊಂದು ಮೈಲಿ ತಂತಿ ಎಳೆದು ನಮ್ಮ ದೇಶದ ಮೊದಲ ತಂತಿವಾರ್ತೆಯ ಪ್ರಯೋಗ ಮಾಡಿದ. ಹೂಗ್ಲಿ ನದಿಯ ನೀರನ್ನೇ ವಿದ್ಯುತ್ತಿನ ದಾರಿಯ ಒಂದು ಭಾಗವಾಗಿ ಬಳಸಿದ. ಹನ್ನೆರಡು ವರ್ಷ ಕಳೆದು 1851ರಲ್ಲಿ ಕಲ್ಕತ್ತೆಗೂ ಡೈಮಂಡ್ ಹಾರ್ಬರಿಗೂ ನಡುವೆ ತಂತಿ ಕೆಲಸ ಮಾಡಿತು. ಆ ದಶಕದಲ್ಲೇ ಅದು ಬೆಂಗಳೂರನ್ನೂ ಮುಟ್ಟಿತು. ನಮ್ಮ ಹಳ್ಳಿಗಳಲ್ಲಿ ‘ತಂತಿ ಬಂತು’ ಎಂದರೆ ಲಕೋಟೆ ಒಡೆಯುವ ಮುಂಚೆಯೇ ಹೆಂಗಸರು ಅಳುತ್ತಿದ್ದುದನ್ನು ನಾನು ಬಾಲ್ಯದಲ್ಲಿ ಕಂಡವನು. ಆ ತಂತಿ ಸೇವೆ 2013ರ ಜುಲೈ ತಿಂಗಳ ನಡುವೆ ನಿಂತುಹೋಯಿತು. ಪತ್ರಿಕೆಗಳು ಚರಮಗೀತೆ ಹಾಡಿದವು, ನಾನೂ ತರಗತಿಯಲ್ಲಿ ಅದರ ಬಗ್ಗೆ ಎರಡು ಮಾತು ಹೇಳಿದ್ದೆ. ಸತ್ತದ್ದು ಸೇವೆ ಮಾತ್ರ. ಅದರ ನಡೆನುಡಿ ನಮ್ಮ ತೋಟದ ಪೆಟ್ಟಿಗೆಯೊಳಗೆ ಜೀವಂತವಾಗಿ ಕೂತಿದೆ ಎಂಬುದನ್ನು ಶಿಷ್ಯನ ಮೇಜಿನ ಮುಂದೆ ಕಂಡೆ.

ಅವನು ಒಂದು ತಂತಿಯಿಂದ ತನ್ನ ಕಂಪ್ಯೂಟರನ್ನು ಜೋಡಿಸಿಕೊಂಡ. ಆದರೆ ಅದನ್ನು ತಕ್ಷಣ ಮೊಡೆಮ್ಮಿಗೆ ಹಚ್ಚಲಿಲ್ಲ. ತನ್ನ ತಂತಿಯದೇ ಬಾಯನ್ನೂ ಕಿವಿಯನ್ನೂ ಮುಟ್ಟಿಸಿ ಒಂದು ಅಕ್ಷರ ಒತ್ತಿದ. ಆ ಅಕ್ಷರ ಮರಳಿ ಪರದೆಯ ಮೇಲೆ ಮೂಡಿತು. “ನಾನು ಸರಿ ಇದೀನಾ ಅಂತ ಮೊದಲು ನೋಡ್ಕೋಬೇಕು ಸಾರ್, ಆಮೇಲೆ ಅವರನ್ನ ಬೈಬೇಕು” ಎಂದ. ಬಳಿಕ ಮೈಕ್ರೋಕಂಟ್ರೋಲರನ್ನು ಬಿಡಿಸಿ ಮೊಡೆಮ್ಮು ಒಂದನ್ನೇ ಹಚ್ಚಿ, ಎ, ಟಿ ಎಂಬ ಎರಡು ದೊಡ್ಡಕ್ಷರಗಳನ್ನು ಬರೆದು ಎಂಟರ್ ಒತ್ತಿದ. ಕೆಳಗಿನ ಸಾಲಿನಲ್ಲಿ ಉತ್ತರ ಬಂತು: ‘ಓಕೆ’. ಯಂತ್ರವೊಂದು ಕರೆದೊಡನೆ ‘ಆಯಿತು’ ಎಂದದ್ದನ್ನು ಕಂಡು ನನಗೆ ಮೈ ಜುಮ್ಮೆಂದಿತು. ಹದಿನೈದು ದಿನ ಶವದಂತೆ ಬಿದ್ದಿದ್ದ ಪೆಟ್ಟಿಗೆ!

ಈ ‘ಎ.ಟಿ.’ ಎಂದರೆ ಇಂಗ್ಲಿಷಿನ ‘ಅಟೆನ್ಷನ್’, ನಮ್ಮ ಭಾಷೆಯಲ್ಲಿ ‘ಇತ್ತ ಲಕ್ಷ್ಯ’. ಅಮೆರಿಕದ ಅಟ್ಲಾಂಟಾದ ಡೆನಿಸ್ ಹೇಯ್ಸ್ ಎಂಬವನ ಕಂಪನಿ 1981ರಲ್ಲಿ ‘ಸ್ಮಾರ್ಟ್‌ಮೊಡೆಮ್’ ಎಂಬುದನ್ನು ಹೊರತಂದಿತು. ಟೆಲಿಫೋನಿನ ಮೂಲಕ ಎರಡು ಗಣಕಗಳನ್ನು ಮಾತಾಡಿಸುವ ಮೊಡೆಮ್ಮು ಅದಕ್ಕೆ ಮುಂಚೆಯೂ ಇತ್ತು. 1958ರಲ್ಲಿ ಅಮೆರಿಕದ ವಾಯುರಕ್ಷಣೆಯ ಗಣಕಗಳಿಗಾಗಿ ಅದನ್ನು ಬಳಸಿದ್ದರು. ಆದರೆ ಆಗ ನಂಬರು ತಿರುಗಿಸಲು ಮನುಷ್ಯ ಬೇಕಿತ್ತು. ಗಣಕವೇ ತಂತಿಯ ಮೇಲೆ ಅಕ್ಷರ ಬರೆದು ಮೊಡೆಮ್ಮಿಗೆ ಅಪ್ಪಣೆ ಕೊಡುವಂತೆ ಮಾಡಿದ್ದು ಹೇಯ್ಸ್ ಮತ್ತು ಅವನ ಜೊತೆಗಾರ ಡೇಲ್ ಹೆದರಿಂಗ್ಟನ್. ಅದೇ ತಂತಿಯಲ್ಲಿ ಮಾತೂ ಹೋಗಬೇಕು, ಅಪ್ಪಣೆಯೂ ಹೋಗಬೇಕು. ಎರಡನ್ನೂ ಬೇರೆ ಮಾಡುವುದು ಹೇಗೆ? ಅವರು ಕಂಡ ಉಪಾಯ ಸೊಗಸಾಗಿದೆ: ಒಂದು ಸೆಕೆಂಡು ಮೌನ, ಮೂರು ಕೂಡುಚಿಹ್ನೆ, ಮತ್ತೊಂದು ಸೆಕೆಂಡು ಮೌನ. ಮೌನವನ್ನೂ ಒಂದು ಅಕ್ಷರವಾಗಿ ಬಳಸಿದರು. ಹೇಯ್ಸನ ಕಂಪನಿ ಮುಂದೆ ಮುಳುಗಿತು. ಅವನ ಎರಡಕ್ಷರ ಮಾತ್ರ ಉಳಿಯಿತು. ಮೊಬೈಲಿನ ನಿಯಮಗಳನ್ನು ರೂಪಿಸಿದ ಯುರೋಪಿನವರು ಅದನ್ನೇ ಎತ್ತಿಕೊಂಡು ಬೆಳೆಸಿದರು. ನಮ್ಮ ದೇಶದ ಮೊದಲ ಮೊಬೈಲ್ ಕರೆ 1995ರ ಜುಲೈ 31ರಂದು ಕಲ್ಕತ್ತೆಯಿಂದ ಜ್ಯೋತಿ ಬಸು ಅವರು ದಿಲ್ಲಿಯ ಸುಖರಾಮ್ ಅವರಿಗೆ ಮಾಡಿದ್ದು. ಇಂದು ಹೊಸದುರ್ಗದ ತೋಟದಲ್ಲಿ ಕರೆ ಬಂದಾಗ ಮೊಡೆಮ್ಮು ಗಂಟೆ ಬಾರಿಸುವುದಿಲ್ಲ. ‘ರಿಂಗ್’ ಎಂಬ ಮಾತನ್ನು ನಾಲ್ಕು ಇಂಗ್ಲಿಷ್ ಅಕ್ಷರಗಳಲ್ಲಿ ತಂತಿಯ ಮೇಲೆ ಬರೆದು ಮೈಕ್ರೋಕಂಟ್ರೋಲರಿಗೆ ಕಳಿಸುತ್ತದೆ.

ಮೊಡೆಮ್ಮು ಮಾತಾಡುತ್ತದೆ ಎಂದಾಯಿತು. ಆದರೂ ಮೈಕ್ರೋಕಂಟ್ರೋಲರಿಗೆ ಜೋಡಿಸಿದರೆ ಮೌನ. “ವೇಗ ತಪ್ಪಿದೆಯೇನೋ” ಎಂದು ನಾನು ತಿಳಿದವನಂತೆ ಹೇಳಿದೆ. ಹಿಂದಿನ ರಿಪೇರಿಯವನು ಹಾಗೆಂದಿದ್ದ. ಶಿಷ್ಯನು ತಲೆಯಾಡಿಸಿದ. “ವೇಗ ತಪ್ಪಿದರೆ ಕಸ ಬರುತ್ತೆ ಸಾರ್. ಏನೂ ಬರ್ತಾ ಇಲ್ಲ ಅಂದರೆ ತಂತಿ ತುಂಡಾಗಿರಬೇಕು, ಇಲ್ಲ ಯಾರೋ ಕಾಯ್ತಾ ಕೂತಿರಬೇಕು.”

ವೇಗ ತಪ್ಪಿದರೆ ಕಸ ಏಕೆ ಬರುತ್ತದೆ? ಇಲ್ಲಿ ನನ್ನ ಶಾಸ್ತ್ರ ನನಗೆ ನೆರವಾಯಿತು. ತಂತಿಯ ಮೇಲೆ ಇರುವುದು ಎರಡೇ ಸ್ಥಿತಿ, ಎತ್ತರ ಮತ್ತು ತಗ್ಗು. ನಮ್ಮ ಗುರು ಲಘುಗಳಂತೆ. ಒಂದೊಂದಕ್ಕೂ ಗೊತ್ತಾದ ಕಾಲ. ಸೆಕೆಂಡಿಗೆ 9600ರ ವೇಗದಲ್ಲಾದರೆ ಒಂದೊಂದರ ಅವಧಿ ಸೆಕೆಂಡಿನ ಹತ್ತು ಲಕ್ಷದಲ್ಲಿ ಸುಮಾರು 104 ಪಾಲು. ಯಾರೂ ಮಾತಾಡದಿದ್ದಾಗ ತಂತಿ ಎತ್ತರದಲ್ಲಿರುತ್ತದೆ. ಮಾತು ಆರಂಭವಾಗುವಾಗ ಒಂದು ಮಾತ್ರೆಯ ಕಾಲ ತಗ್ಗುತ್ತದೆ. ಕೇಳುವವನು ಆ ಕ್ಷಣದಿಂದ ತಾಳ ಹಾಕಲು ತೊಡಗಿ, ಒಂದೊಂದು ಮಾತ್ರೆಯ ನಡುವಿನಲ್ಲಿ ಇಣುಕಿ ಎಂಟು ಚಿಹ್ನೆಗಳನ್ನು ಓದಿಕೊಳ್ಳುತ್ತಾನೆ. ಕಡೆಯಲ್ಲಿ ಮತ್ತೆ ಎತ್ತರದ ಒಂದು ಯತಿ. ಹೇಳುವವನ ತಾಳಕ್ಕೂ ಕೇಳುವವನ ತಾಳಕ್ಕೂ ನೂರಕ್ಕೆ ನಾಲ್ಕೈದರಷ್ಟು ವ್ಯತ್ಯಾಸ ಬಂದರೂ ಕಡೆಯ ಮಾತ್ರೆಯ ಹೊತ್ತಿಗೆ ಅರ್ಧ ಹೆಜ್ಜೆ ತಪ್ಪುತ್ತದೆ, ಗಣ ಒಡೆಯುತ್ತದೆ, ಅಕ್ಷರ ಬೇರೊಂದಾಗುತ್ತದೆ. ಅದೇ ಕಸ.

ಚಿಹ್ನೆಗಳನ್ನು ಸಮಕಾಲದಲ್ಲಿ ಜೋಡಿಸುವ ಈ ಪದ್ಧತಿಯನ್ನು ತಂತಿವಾರ್ತೆಗೆ ತಂದವನು ಫ್ರಾನ್ಸಿನ ತಂತಿ ಇಲಾಖೆಯ ಎಮಿಲ್ ಬೋದೋ. 1874ರಲ್ಲಿ ಅವನು ಪೇಟೆಂಟು ಪಡೆದ ಪದ್ಧತಿಯಲ್ಲಿ ಪ್ರತಿ ಅಕ್ಷರಕ್ಕೂ ಐದೈದು ಚಿಹ್ನೆ. ಐದು ಸ್ಥಾನ, ಒಂದೊಂದರಲ್ಲಿ ಎರಡು ಬಗೆ, ಒಟ್ಟು ಮೂವತ್ತೆರಡು. ಹತ್ತನೆಯ ಶತಮಾನದ ಕೊನೆಯಲ್ಲಿ ‘ಛಂದೋಂಬುಧಿ’ ಬರೆದ ನಮ್ಮ ನಾಗವರ್ಮನಿಗೆ ಈ ಲೆಕ್ಕ ಹೊಸತಲ್ಲ; ಪಾದಕ್ಕೆ ಐದು ಅಕ್ಷರವಿರುವ ಸುಪ್ರತಿಷ್ಠಾ ಛಂದಸ್ಸನ್ನು ಪ್ರಸ್ತಾರ ಹಾಕಿದರೆ ಬರುವುದೂ ಮೂವತ್ತೆರಡೇ ವೃತ್ತ. ಬೋದೋನ ಯಂತ್ರಕ್ಕೆ ಐದು ಕೀಲಿಗಳು, ಎಡಗೈಗೆ ಎರಡು, ಬಲಗೈಗೆ ಮೂರು. ಯಂತ್ರ ಟಕ್ ಎಂದಾಗ ನೌಕರನು ಹಾರ್ಮೋನಿಯಂ ನುಡಿಸುವವನಂತೆ ತಾಳಕ್ಕೆ ಸರಿಯಾಗಿ ಬೆರಳೊತ್ತಬೇಕು. ಯಂತ್ರ ಅವನಿಗಾಗಿ ಕಾಯುವುದಿಲ್ಲ. ಅವನ ಹೆಸರನ್ನು ಮೊಟಕುಗೊಳಿಸಿ ತಂತಿಯ ವೇಗದ ಮಾನಕ್ಕೆ ‘ಬಾಡ್’ ಎಂದು ಹೆಸರಿಟ್ಟರು. ಶಿಷ್ಯನು ಆ ದಿನ ನೂರು ಸಲ ಹೇಳಿದ ‘ಬಾಡ್ ರೇಟು’ ಆ ಪುಣ್ಯಾತ್ಮನ ಸ್ಮರಣೆ.

ಯಂತ್ರ ಕಾಯುವಂತೆ ಮಾಡಿದ್ದು ಮುಂದಿನವರು. ಚಿಕಾಗೋದಲ್ಲಿ ಶೀತಲಗೃಹದ ಇಂಜಿನಿಯರೊಬ್ಬ, ಚಾರ್ಲ್ಸ್ ಕ್ರಮ್; ಅವನ ಹಿಂದೆ ಹಣ ಹಾಕಿದವನು ಉಪ್ಪಿನ ವ್ಯಾಪಾರಿ ಜಾಯ್ ಮಾರ್ಟನ್. ಅಕ್ಷರ ಅಕ್ಷರಕ್ಕೂ ಆರಂಭದ ಚಿಹ್ನೆ, ಕಡೆಗೆ ನಿಲುಗಡೆಯ ಚಿಹ್ನೆ ಇಟ್ಟರೆ ಕೇಳುವ ಯಂತ್ರ ಪ್ರತಿ ಸಲವೂ ಹೊಸದಾಗಿ ತಾಳ ಹಿಡಿಯಬಹುದು ಎಂಬುದನ್ನು 1910ರ ದಶಕದಲ್ಲಿ ಸಾಧಿಸಿದವನು ಕ್ರಮ್‌ನ ಮಗ ಹೋವರ್ಡ್. ಆ ಸರಳ ಉಪಾಯದಿಂದ ಟೆಲಿಪ್ರಿಂಟರು ಹುಟ್ಟಿತು. ಅಲ್ಲಿಂದ ಅದು 1960ರ ದಶಕದಲ್ಲಿ ಗಣಕಗಳಿಗೆ ಬಂತು, 1970ರ ದಶಕದ ಆರಂಭಕ್ಕೆ ಒಂದು ಚಿಪ್ಪಿನೊಳಗೆ ಅಡಗಿತು. ನಮ್ಮ ಪೆಟ್ಟಿಗೆಯಲ್ಲಿ ಇರುವುದು ಅದೇ. ಎಂಟರ್ ಒತ್ತಿದಾಗ ಹೋಗುವ ಚಿಹ್ನೆಗೆ ಇಂದಿಗೂ ‘ಕ್ಯಾರೇಜ್ ರಿಟರ್ನ್’ ಎಂದೇ ಹೆಸರು, ಟೆಲಿಪ್ರಿಂಟರಿನ ಮುದ್ರಣದ ತಲೆ ಸಾಲಿನ ಆದಿಗೆ ಮರಳಲಿ ಎಂದು. ತೋಟದ ಪೆಟ್ಟಿಗೆಯಲ್ಲಿ ಕಾಗದವೂ ಇಲ್ಲ, ಸಾಲೂ ಇಲ್ಲ. ಆದರೂ ಆ ಚಿಹ್ನೆ ಕಳಿಸದಿದ್ದರೆ ಮೊಡೆಮ್ಮು ಅಪ್ಪಣೆ ಮುಗಿಯಿತೆಂದು ಒಪ್ಪುವುದೇ ಇಲ್ಲ.

ಇನ್ನು ನಮ್ಮ ರೋಗಕ್ಕೆ ಬರೋಣ. ಶಿಷ್ಯನು ಈಗ ಮೈಕ್ರೋಕಂಟ್ರೋಲರಿನ ಬಾಯಿಗೆ ತನ್ನ ತಂತಿಯ ಕಿವಿಯಿಟ್ಟು ಕರೆಂಟು ಕೊಟ್ಟ. ಏನೂ ಇಲ್ಲ. ಐದು ನಿಮಿಷ ಕಾದೆವು, ಏನೂ ಇಲ್ಲ. ಮೊಡೆಮ್ಮಿನ ಬಾಯಿಗೆ ಇಟ್ಟ; ಅಲ್ಲಿಯೂ ಏನೂ ಇಲ್ಲ. ಅವನು ನಕ್ಕುಬಿಟ್ಟ. “ಬೀಗರು ಸಾರ್!” ಎಂದ. “ನೀವು ಮೊದಲು ಬನ್ನಿ ಅಂತ ಇವರು, ನೀವು ಮೊದಲು ಕರೀರಿ ಅಂತ ಅವರು.”

ಹಳೆಯ ಮೊಡೆಮ್ಮಿಗೆ ಒಂದು ನಿಶ್ಚಿತ ವೇಗ ಗೊತ್ತುಮಾಡಿ ಇಟ್ಟಿದ್ದರು. ಅಂಥದು ಎಚ್ಚರವಾದೊಡನೆ ‘ಸಿದ್ಧ’ ಎಂಬರ್ಥದ ‘ಆರ್.ಡಿ.ವೈ.’ ಎಂಬ ಮೂರಕ್ಷರವನ್ನು ತಾನಾಗಿ ಹೇಳುತ್ತದೆ. ನಮ್ಮ ಮೈಕ್ರೋಕಂಟ್ರೋಲರು ಆ ಮಾತನ್ನು ಕೇಳಿದ ಮೇಲೆ ಕೆಲಸ ಆರಂಭಿಸುವಂತೆ ಬರೆಯಲ್ಪಟ್ಟಿದ್ದ. ಹೊಸ ಮೊಡೆಮ್ಮು ಕಾರ್ಖಾನೆಯಿಂದ ಬಂದದ್ದು ಬೇರೊಂದು ಸ್ವಭಾವದಲ್ಲಿ: ಎದುರಿನವನು ಯಾವ ವೇಗದಲ್ಲಿ ಮಾತಾಡುತ್ತಾನೋ ಅದನ್ನು ಕೇಳಿ ತಿಳಿದು ಆ ವೇಗದಲ್ಲೇ ಉತ್ತರಿಸುವುದು. ವಿನಯವಂತ ಸ್ವಭಾವವೇ, ಆದರೆ ಯಾವ ವೇಗವೆಂದು ತಿಳಿಯುವವರೆಗೆ ಅದು ‘ಸಿದ್ಧ’ ಎಂದಾದರೂ ಹೇಗೆ ಹೇಳೀತು? ಒಬ್ಬನು ‘ಸಿದ್ಧ’ ಎನ್ನಲೆಂದು ಕಾದ. ಇನ್ನೊಬ್ಬನು ‘ಇತ್ತ ಲಕ್ಷ್ಯ’ ಎನ್ನಲೆಂದು ಕಾದ. ಹದಿನೈದು ರಾತ್ರಿ ಹಾಗೆ ಕಾದರು. ನಮ್ಮ ಸಸಿಗಳು ಬಾಡಿದ್ದು ಈ ಮರ್ಯಾದೆಯಿಂದ.

ಕಂಪ್ಯೂಟರು ‘ಎ.ಟಿ.’ ಎಂದಾಗ ಅದು ಉತ್ತರಿಸಿದ್ದೇಕೆ ಎಂಬುದೂ ಸ್ಪಷ್ಟವಾಯಿತು. ಈ ಎರಡಕ್ಷರಗಳಲ್ಲಿ ಒಂದು ಗುಣವಿದೆ. ‘ಎ’ ಅಕ್ಷರದ ಚಿಹ್ನೆಗಳು ತಂತಿಯ ಮೇಲೆ ಹೋಗುವಾಗ ಮೊದಲನೆಯದು ಎತ್ತರ. ಆರಂಭದ ತಗ್ಗು, ಕೂಡಲೇ ಎತ್ತರ. ಆ ತಗ್ಗಿನ ಉದ್ದವನ್ನು ಅಳೆದರೆ ಒಂದು ಮಾತ್ರೆ ಎಷ್ಟೆಂಬುದು ಸಿಕ್ಕಿಬಿಡುತ್ತದೆ. ‘ಎ’ಯಲ್ಲಿ ಎತ್ತರದ ಚಿಹ್ನೆ ಎರಡು, ‘ಟಿ’ಯಲ್ಲಿ ಮೂರು, ಒಂದು ಸಮ, ಒಂದು ಬೆಸ. ತಪ್ಪು ಹಿಡಿಯಲೆಂದು ಕೆಲವರು ಸೇರಿಸುವ ಸಮ-ಬೆಸದ ಚಿಹ್ನೆಯ ಲೆಕ್ಕವನ್ನೂ ಈ ಜೋಡಿಯಿಂದ ಊಹಿಸಬಹುದು. ಇದನ್ನು ಶಿಷ್ಯನು ಕಾಗದದ ಮೇಲೆ ಗೆರೆ ಎಳೆದು, ಒಂದೊಂದರ ಮೇಲೂ ಗುರುತು ಹಾಕಿ ತೋರಿಸಿದ. ನಾನು ಅವನ ಉತ್ತರಪತ್ರಿಕೆಯ ಸೊನ್ನೆಯನ್ನು ಮನಸ್ಸಿನಲ್ಲೇ ತಿದ್ದಿದೆ. ಪ್ರಸ್ತಾರ ಹಾಕುವುದನ್ನು ಅವನು ಕಲಿತಿದ್ದಾನೆ, ನಾನು ಕಲಿಸಲಿಲ್ಲ.

ಔಷಧ ಎರಡು ಸಾಲಿನದು. ಮೊಡೆಮ್ಮಿಗೆ ‘ನಿನ್ನ ವೇಗ 9600’ ಎಂದು ಬರೆದ, ‘ಇದನ್ನು ನೆನಪಿಡು’ ಎಂದು ಬರೆದ. ಕರೆಂಟು ತೆಗೆದು ಮತ್ತೆ ಕೊಟ್ಟಾಗ ಪರದೆಯ ಮೇಲೆ ‘ಆರ್.ಡಿ.ವೈ.’ ಮೂಡಿತು, ಮರುಕ್ಷಣ ಮೈಕ್ರೋಕಂಟ್ರೋಲರು ಗಳಗಳನೆ ಮಾತಾಡತೊಡಗಿದ. ನನ್ನ ಫೋನಿನಿಂದ ಕರೆ ಮಾಡಿದೆ. ರಿಲೇ ಟಕ್ ಎಂದಿತು. ಅಣ್ಣನಿಗೆ ಫೋನು ಮಾಡಿ ಸಂತೋಷದ ಸುದ್ದಿ ಹೇಳಿದೆ.

ಅವಸರದ ಸಂತೋಷ. ಆ ಸಂಜೆ ತೋಟದಲ್ಲಿ ಕೂರಿಸಿದರೆ ಪೆಟ್ಟಿಗೆ ಮತ್ತೆ ಮೂಕ. “ಪೇಟೆಯಾಗೆ ಮಾತಾಡೈತೆ, ತೋಟಕ್ಕೆ ಬಂದ್ರೆ ಬಾಯಿ ಕಟ್ಟೈತೆ. ನಿನ್ನಂಗೇ ಐತೆ ನೋಡು” ಎಂದ ಅಣ್ಣ. ಮಾತಿನಲ್ಲಿ ನಗೆಯಿದ್ದರೂ ಮುಖದಲ್ಲಿರಲಿಲ್ಲ. ಶಿಷ್ಯನು ಮರುದಿನ ಅಂಗಡಿ ಮುಚ್ಚಿ ಬೈಕಿನಲ್ಲಿ ತೋಟಕ್ಕೇ ಬಂದ. ಅಡಿಕೆ ಮರದ ನೆರಳಲ್ಲಿ ಲ್ಯಾಪ್‌ಟಾಪು ಬಿಚ್ಚಿ ಕಿವಿಗೊಟ್ಟ. ‘ಆರ್.ಡಿ.ವೈ.’ ಬಂತು, ಸಂಭಾಷಣೆ ಆರಂಭವಾಯಿತು, ನಡುವೆ ಮತ್ತೊಮ್ಮೆ ‘ಆರ್.ಡಿ.ವೈ.’, ಮತ್ತೊಮ್ಮೆ. “ಮಾತಾಡ್ತಾ ಮಾತಾಡ್ತಾ ಮೂರ್ಛೆ ಹೋಗ್ತಿದೆ ಸಾರ್. ಎದ್ದಾಗೆಲ್ಲ ಸಿದ್ಧ ಅಂತಿದೆ.”

ಕಾರಣ ದೂರದ ಗೋಪುರ. ಪೇಟೆಯಲ್ಲಿ ಗೋಪುರ ಹತ್ತಿರ. ಮೊಡೆಮ್ಮು ಪಿಸುಗುಟ್ಟಿದರೂ ಕೇಳುತ್ತದೆ. ತೋಟದಿಂದ ಅದು ಗಂಟಲು ಹರಿಯುವಂತೆ ಕೂಗಬೇಕು, ಎರಡು ವ್ಯಾಟಿನವರೆಗೆ. ಅದೂ ಎಡೆಬಿಡದೆ ಅಲ್ಲ. ಈ ಎರಡನೆಯ ತಲೆಮಾರಿನ ಮೊಬೈಲ್ ವ್ಯವಸ್ಥೆಯಲ್ಲಿ ಎಂಟು ಜನ ಒಂದೇ ಅಲೆಯನ್ನು ಸರದಿಯಲ್ಲಿ ಹಂಚಿಕೊಳ್ಳುತ್ತಾರೆ. ತನ್ನ ಸರದಿಯ ಅರ್ಧ ಮಿಲಿಸೆಕೆಂಡಿನಷ್ಟು ಹೊತ್ತು ಮಾತ್ರ ಕೂಗು. ಆ ಕ್ಷಣದಲ್ಲಿ ಮೊಡೆಮ್ಮು ಎರಡು ಆಂಪಿಯರಿನವರೆಗೆ ವಿದ್ಯುತ್ತು ಎಳೆಯುತ್ತದೆ. ತೆಳುವಾದ ತಂತಿಯಲ್ಲಿ ಅಷ್ಟು ಒಮ್ಮೆಲೇ ಹರಿಯದೆ ಒತ್ತಡ ಕುಸಿಯುತ್ತದೆ, ಮೊಡೆಮ್ಮು ಕಣ್ಣು ಮುಚ್ಚುತ್ತದೆ. ಮೀಟರಿನಲ್ಲಿ ನೋಡಿದರೆ ಎಲ್ಲ ಸರಿಯೇ ಕಾಣುತ್ತದೆ, ಏಕೆಂದರೆ ಅಷ್ಟು ಚಿಕ್ಕ ಕುಸಿತವನ್ನು ಮೀಟರು ಕಾಣಲಾರದು. ಶಿಷ್ಯನು ದಪ್ಪ ತಂತಿ ಹಾಕಿ, ಮೊಡೆಮ್ಮಿನ ಮಗ್ಗುಲಲ್ಲೇ ಒಂದು ದೊಡ್ಡ ಕೆಪಾಸಿಟರು ಬೆಸೆದ. ಮನೆಬಾಗಿಲಲ್ಲಿ ಕೊಡ ತುಂಬಿಟ್ಟುಕೊಂಡಂತೆ. ನಲ್ಲಿ ಸಣ್ಣಗೆ ಬಂದರೂ ಒಮ್ಮೆಲೇ ಬೇಕಾದಾಗ ಕೊಡದಿಂದ ಮೊಗೆಯಬಹುದು. ‘ಆರ್.ಡಿ.ವೈ.’ ಒಂದೇ ಸಲ ಬಂದು ಸುಮ್ಮನಾಯಿತು.

ಹೊರಡುವ ಮುಂಚೆ ಅಣ್ಣ ಒಂದು ಬೇಡಿಕೆ ಇಟ್ಟ. ಪೆಟ್ಟಿಗೆ ಕಳಿಸುವ ಸಂದೇಶ ಇಂಗ್ಲಿಷಿನಲ್ಲಿದೆ, ಅತ್ತಿಗೆಗೆ ಓದಲಾಗುವುದಿಲ್ಲ, ಕನ್ನಡದಲ್ಲಿ ಆಗದೇ? ಇದು ನನ್ನ ಕ್ಷೇತ್ರವೆಂದು ಹೆಮ್ಮೆಯಿಂದ ಮುಂದೆ ಬಂದೆ. ಆಗದೆ ಏನು; ಆದರೆ ಒಂದು ಸಂದೇಶಕ್ಕೆ ಇರುವ ಜಾಗ 140 ಬೈಟು ಮಾತ್ರ. ಇಂಗ್ಲಿಷಿನ ಅಕ್ಷರಕ್ಕೆ ಏಳೇ ಚಿಹ್ನೆ ಸಾಕಾದ್ದರಿಂದ 160 ಅಕ್ಷರ ಹಿಡಿಯುತ್ತದೆ. ಕನ್ನಡಕ್ಕೆ ಹದಿನಾರು ಬೇಕು, 70ಕ್ಕೇ ಮುಗಿಯುತ್ತದೆ. ಅದೂ ನಮ್ಮ ಲೆಕ್ಕದ ಅಕ್ಷರವಲ್ಲ. ‘ಸ್ತ್ರೀ’ ನಮಗೆ ಒಂದಕ್ಷರ; ಯಂತ್ರಕ್ಕೆ ಆರು. ಬೋದೋನ ಮೂವತ್ತೆರಡರಲ್ಲಿ ನಮ್ಮ ವರ್ಣಮಾಲೆಗೆ ಜಾಗವೇ ಇರಲಿಲ್ಲ. ಆ ಇಕ್ಕಟ್ಟಿನ ಸಾಲ ಇನ್ನೂ ತೀರಿಲ್ಲ ಎಂದು ನನ್ನ ಭಾವನೆ. ನಾವಿಬ್ಬರೂ ಕೂತು ಮಾತು ಆರಿಸಿದೆವು. ನಾನು ‘ಯಂತ್ರವು ಚಾಲನೆಗೊಂಡಿದೆ’ ಎಂದೆ. ಅಣ್ಣ ‘ಮೋಟರು ಚಾಲೂ’ ಎಂದ. ಅವನದು ಹತ್ತೇ ಚಿಹ್ನೆ; ಅದೇ ಗೆದ್ದಿತು.

ಆ ರಾತ್ರಿ ನಾನು ಅಣ್ಣನ ಮನೆಯಲ್ಲೇ ಉಳಿದೆ. ಒಂದು ಗಂಟೆ ದಾಟಿ ಹತ್ತು ನಿಮಿಷವಾಗಿರಬೇಕು, ಅವನ ತಲೆದಿಂಬಿನ ಕೆಳಗೆ ಫೋನು ಕೂಗಿತು. ಅತ್ತಿಗೆ ಎದ್ದು ಕೂತು ನಿಧಾನವಾಗಿ ಓದಿದರು. ಅಣ್ಣ ಸರಿ ಎಂದ. ಆದರೂ ಎದ್ದು, ಕಾಲೆಳೆಯುತ್ತ ಜಗಲಿಗೆ ಬಂದು, ಕಂಬ ಹಿಡಿದು ತೋಟದ ದಿಕ್ಕಿಗೆ ಕಿವಿಗೊಟ್ಟು ನಿಂತ. ದೂರದಲ್ಲಿ ಗುಂಡಿಗೆ ನೀರು ಬೀಳುವ ಸದ್ದು ಕೇಳಿಸಿದ ಮೇಲೆ ಒಳಗೆ ಹೋಗಿ ಮಲಗಿದ.